ವೈದ್ಯರಾಗುವುದಕ್ಕೆ ಮೊದಲು

(ಬಾನುಲಿ ಭಾಷಣ)



ವೈದ್ಯರಾಗಬೇಕೆಂಬ ಹಂಬಲ ನಮ್ಮ ನಾಡಿನಲ್ಲಿ ಹದಿನೇಳು ಹದಿನೆಂಟರ ವಯಸ್ಸಿಗೇ ಇತ್ಯರ್ಥವಾಗಿಬಿಡುತ್ತದೆ. ಪಿ.ಯು.ಸಿ. ಮುಗಿಯುವ ಹೊತ್ತಿಗೆ ನೀಟ್ ಪರೀಕ್ಷೆ ಎದುರಾಗುತ್ತದೆ. 2024ರಲ್ಲಿ ಅದಕ್ಕೆ ಕುಳಿತವರು ದೇಶದಾದ್ಯಂತ 23 ಲಕ್ಷಕ್ಕೂ ಮಿಕ್ಕಿದ್ದರು. ಒಂದು ಮಧ್ಯಾಹ್ನದ ಪರೀಕ್ಷೆ ಬಾಗಿಲನ್ನು ತೆರೆಯುತ್ತದೆ, ಇಲ್ಲವೆ ಮುಚ್ಚುತ್ತದೆ. ತೆರೆದರೆ, ಒಂದು ವರ್ಷದ ಹೌಸ್ ಸರ್ಜನ್ ಸೇವೆಯೂ ಸೇರಿ ಐದೂವರೆ ವರ್ಷಕ್ಕೆ ಮನೆಯ ಮಗ ಡಾಕ್ಟರಾಗುತ್ತಾನೆ, ಮಗಳು ಡಾಕ್ಟರಾಗುತ್ತಾಳೆ.

ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿ ಪ್ರೌಢಶಾಲೆ ಮುಗಿಸಿದವರು ಮೊದಲು ನಾಲ್ಕು ವರ್ಷ ಓದಿ ಒಂದು ಪದವಿಯನ್ನು ಪಡೆಯಬೇಕು. ಆಮೇಲೆ ವೈದ್ಯಕೀಯ ಕಾಲೇಜು, ಮತ್ತೆ ನಾಲ್ಕು ವರ್ಷ. ಅದಾದ ಮೇಲೆ ಆಸ್ಪತ್ರೆಯಲ್ಲಿ ಮೂರರಿಂದ ಏಳು ವರ್ಷದ ತರಬೇತಿ. ಇವುಗಳಲ್ಲಿ ಮೊದಲ ನಾಲ್ಕು ವರ್ಷಗಳಿಗೆ ಅಲ್ಲಿನವರು ಇಟ್ಟಿರುವ ಹೆಸರು ‘ಪ್ರೀ-ಮೆಡ್’. ಇಂದಿನ ನನ್ನ ಮಾತು ಆ ನಾಲ್ಕು ವರ್ಷಗಳನ್ನು ಕುರಿತದ್ದು. ಅದರಲ್ಲಿಯೂ ನಲವತ್ತು ಐವತ್ತು ಸಾವಿರ ವಿದ್ಯಾರ್ಥಿಗಳಿರುವ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಆ ವ್ಯಾಸಂಗವನ್ನು ತೂಗಿಸಿಕೊಂಡು ಹೋಗುವ ಬಗೆಯನ್ನು ಕುರಿತದ್ದು. ಕನ್ನಡದ ಮೇಷ್ಟರಿಗೆ ಇದರ ಗೊಡವೆ ಏಕೆಂದು ನೀವು ಕೇಳಬಹುದು. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಅಲ್ಲಿ ಬೆಳೆಯುತ್ತಿದ್ದಾರೆ ಎಂಬುದು ಒಂದು ಕಾರಣ. ಕಾಯಿಲೆಯವರ ಮೈ ಮುಟ್ಟುವವನಿಗೆ ಅದಕ್ಕೆ ಮುನ್ನ ಎಂಥ ವಿದ್ಯೆ ಬೇಕು ಎಂಬ ಪ್ರಶ್ನೆ ಎಲ್ಲ ದೇಶಕ್ಕೂ ಸೇರಿದ್ದು ಎಂಬುದು ಇನ್ನೊಂದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಪ್ರೀ-ಮೆಡ್ ಎಂಬುದು ಸಾಮಾನ್ಯವಾಗಿ ಒಂದು ಪದವಿಯ ಹೆಸರಲ್ಲ. ಅದು ಒಂದು ಸಂಕಲ್ಪದ ಹೆಸರು ಎಂದರೆ ಸರಿಯಾದೀತು. ವಿದ್ಯಾರ್ಥಿ ಇತಿಹಾಸವನ್ನೇ ಮುಖ್ಯವಿಷಯವಾಗಿ ಆರಿಸಿಕೊಳ್ಳಲಿ, ಸಂಗೀತವನ್ನೇ ಆರಿಸಿಕೊಳ್ಳಲಿ, ಅಡ್ಡಿಯಿಲ್ಲ. ಆದರೆ ಅದರ ಜೊತೆಗೆ ವೈದ್ಯಕೀಯ ಕಾಲೇಜುಗಳು ಬಯಸುವ ಕೆಲವು ಪಾಠಗಳನ್ನು ಮುಗಿಸಿರಬೇಕು. ಸಾಮಾನ್ಯವಾಗಿ ಒಂದು ವರ್ಷದ ಜೀವಶಾಸ್ತ್ರ, ಒಂದು ವರ್ಷದ ಭೌತಶಾಸ್ತ್ರ, ಸಾಮಾನ್ಯ ರಸಾಯನ ಮತ್ತು ಸಾವಯವ ರಸಾಯನಗಳು ಸೇರಿ ಎರಡು ವರ್ಷದಷ್ಟು ರಸಾಯನಶಾಸ್ತ್ರ, ಜೀವರಸಾಯನ, ಒಂದಿಷ್ಟು ಗಣಿತ ಅಥವಾ ಸಂಖ್ಯಾಶಾಸ್ತ್ರ, ಒಂದಿಷ್ಟು ಇಂಗ್ಲಿಷು. ಇವುಗಳಲ್ಲಿ ಹಲವಕ್ಕೆ ಪ್ರಯೋಗಶಾಲೆಯ ದುಡಿಮೆ ಬೇರೆ. ಯಾವುದನ್ನು ಯಾವ ವರ್ಷ ಓದಬೇಕು, ಯಾವುದರ ಜೊತೆಗೆ ಯಾವುದನ್ನು ಹೊಂದಿಸಬೇಕು ಎಂಬುದನ್ನು ವಿದ್ಯಾರ್ಥಿ ತಾನೇ ಗೊತ್ತುಮಾಡಿಕೊಳ್ಳಬೇಕು. ನಮ್ಮಲ್ಲಿ ವೇಳಾಪಟ್ಟಿಯನ್ನು ಕಾಲೇಜು ಕೊಡುತ್ತದೆ. ಅಲ್ಲಿ ಹದಿನೆಂಟರ ಹುಡುಗಿ ತನ್ನ ವೇಳಾಪಟ್ಟಿಯನ್ನು ತಾನೇ ಬರೆದುಕೊಳ್ಳುತ್ತಾಳೆ. ಈ ಸ್ವಾತಂತ್ರ್ಯ ಹಗುರವಾದದ್ದಲ್ಲ.

ಇಂಥ ಏರ್ಪಾಡು ಹೇಗೆ ಬಂತು? 1893ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಕಾಲೇಜು ತೆರೆದಾಗ, ಪದವಿ ಪಡೆದವರನ್ನಲ್ಲದೆ ಸೇರಿಸಿಕೊಳ್ಳುವುದಿಲ್ಲವೆಂಬ ಕಟ್ಟುನಿಟ್ಟನ್ನು ಇಟ್ಟುಕೊಂಡಿತು. ಆ ಕಾಲಕ್ಕೆ ಅದು ದೊಡ್ಡ ಸಾಹಸ. ಹಣ ತೆತ್ತವರೆಲ್ಲರನ್ನೂ ಸೇರಿಸಿಕೊಂಡು, ಪ್ರಯೋಗಶಾಲೆಯೂ ಇಲ್ಲದೆ, ರೋಗಿಯ ಮುಖವನ್ನೂ ತೋರಿಸದೆ ಡಾಕ್ಟರರನ್ನು ತಯಾರಿಸುತ್ತಿದ್ದ ಶಾಲೆಗಳು ಆಗ ಎಲ್ಲೆಡೆ ಇದ್ದವು. 1910ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರ್ ಎಂಬಾತ ಕಾರ್ನೆಗೀ ಪ್ರತಿಷ್ಠಾನಕ್ಕಾಗಿ ಅಮೆರಿಕ ಮತ್ತು ಕೆನಡಾಗಳ 155 ವೈದ್ಯಕೀಯ ಶಾಲೆಗಳ ಪರಿಶೀಲನೆ ನಡೆಸಿ ಒಂದು ವರದಿಯನ್ನು ಪ್ರಕಟಿಸಿದ. ಸ್ವಾರಸ್ಯವೆಂದರೆ ಫ್ಲೆಕ್ಸ್‌ನರ್ ವೈದ್ಯನಲ್ಲ. ಗ್ರೀಕ್, ಲ್ಯಾಟಿನ್ ಓದಿದ ಉಪಾಧ್ಯಾಯ. ಆ ವರದಿಯ ಬಿಸಿಗೆ ಮುಂದಿನ ದಶಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲೆಗಳು ಮುಚ್ಚಿಹೋದವು. ಕಳಪೆ ಶಾಲೆಗಳು ಹೋದದ್ದು ಒಳ್ಳೆಯದೇ. ಆದರೆ ಕರಿಯ ಜನರಿಗೆಂದು ಇದ್ದ ಏಳು ಶಾಲೆಗಳಲ್ಲಿ ಹೊವರ್ಡ್ ಮತ್ತು ಮೆಹಾರಿ ಎಂಬ ಎರಡು ಮಾತ್ರ ಉಳಿದವು. ಬಾಗಿಲು ಬಿಗಿಯಾದಾಗ ಒಳಗಿನ ಮಟ್ಟ ಏರುತ್ತದೆ, ನಿಜ. ಹೊರಗೆ ನಿಂತವರು ಯಾರು ಎಂಬುದನ್ನೂ ಆಗಾಗ ನೋಡಬೇಕಾಗುತ್ತದೆ.

ಇನ್ನು ದೊಡ್ಡ ವಿಶ್ವವಿದ್ಯಾನಿಲಯದ ಮಾತಿಗೆ ಬರುತ್ತೇನೆ. ಅಲ್ಲಿನ ಮೊದಲ ವರ್ಷದ ರಸಾಯನಶಾಸ್ತ್ರದ ತರಗತಿ ನಮ್ಮ ಪುರಭವನಗಳನ್ನು ನೆನಪಿಗೆ ತರುವಂಥದು. ಮುನ್ನೂರು, ನಾನೂರು, ಐನೂರು ಮಂದಿ ಮೆಟ್ಟಿಲು ಮೆಟ್ಟಿಲಾಗಿ ಕುಳಿತಿರುತ್ತಾರೆ. ಕೆಳಗೆ ಎಲ್ಲೋ ದೂರದಲ್ಲಿ ಪ್ರಾಧ್ಯಾಪಕರು. ಅವರಲ್ಲಿ ವೈದ್ಯರಾಗಬೇಕೆಂದು ಬಂದವರು ಬಹಳ ಮಂದಿ. ಇಂಥ ತರಗತಿಗಳಿಗೆ ಅಲ್ಲಿನ ವಿದ್ಯಾರ್ಥಿಗಳು ಇಟ್ಟಿರುವ ಅಡ್ಡಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಕಳೆ ಕೀಳುವ ತರಗತಿ’. ವ್ಯವಸಾಯದ ಮನೆಯಿಂದ ಬಂದ ನನಗೆ ಈ ಮಾತು ಚುಚ್ಚುತ್ತದೆ. ಕಳೆ ಯಾವುದು, ಪೈರು ಯಾವುದು ಎಂಬುದು ಮೊಳಕೆಯಲ್ಲೇ ತಿಳಿಯುವಂಥದಲ್ಲ. ರಾಗಿ ಹೊಲದಲ್ಲಿ ಆತುರದಿಂದ ಕಳೆ ತೆಗೆಯಲು ಹೋದವನು ಪೈರನ್ನೇ ಕಿತ್ತು ಬದುವಿನ ಮೇಲೆ ಎಸೆದಿರುವುದುಂಟು.

ಇದು ಬರಿಯ ಉಪಮಾನವಲ್ಲ, ಪರೀಕ್ಷಿಸಿ ಕಂಡುಕೊಂಡ ಸಂಗತಿ. ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ಡೇವಿಡ್ ಲಾಡೆ ಎಂಬ ಪ್ರಾಧ್ಯಾಪಕರು 1999ರಲ್ಲಿ ತಮ್ಮ ಸುಮಾರು ಐನೂರು ಮಂದಿಯ ತರಗತಿಯ ದಾಖಲೆಗಳನ್ನು ನೋಡಿದರು. ಬಡ ಮನೆಗಳಿಂದ, ಸಾಧಾರಣ ಶಾಲೆಗಳಿಂದ, ಕಡಿಮೆ ಅಂಕ ಪಡೆದು ಬಂದ ಸುಮಾರು ಐವತ್ತು ಮಂದಿಯನ್ನು ಗುರುತಿಸಿದರು. ಹಿಂದಿನ ವರ್ಷಗಳ ಅನುಭವದಂತೆ ನಪಾಸಾಗಬೇಕಾಗಿದ್ದವರು ಇವರೇ. ಅವರನ್ನು ಒಂದು ಚಿಕ್ಕ ತರಗತಿಗೆ ಸೇರಿಸಿ, ದೊಡ್ಡ ತರಗತಿಗೆ ಹೇಳಿದ ಪಾಠವನ್ನೇ ಹೇಳಿದರು. ಅದೇ ಪ್ರಶ್ನೆಪತ್ರಿಕೆಯನ್ನು ಕೊಟ್ಟರು. ಪಾಠವನ್ನು ಎಳ್ಳಷ್ಟೂ ಹಗುರ ಮಾಡಲಿಲ್ಲ. ಹೆಚ್ಚಿಗೆ ಕೊಟ್ಟದ್ದು ವಾರಕ್ಕೆ ಎರಡು ಗಂಟೆಯ ಅಭ್ಯಾಸ, ಕಷ್ಟಸುಖ ವಿಚಾರಿಸುವ ಸಲಹೆಗಾರರು, ಹಿರಿಯ ವಿದ್ಯಾರ್ಥಿಗಳ ಒತ್ತಾಸೆ. ವರ್ಷ ಮುಗಿಯುವ ಮುನ್ನವೇ ಫಲ ಕಾಣಿಸಿತು: ಈ ಐವತ್ತು ಮಂದಿ ದೊಡ್ಡ ತರಗತಿಯವರ ಸಮಕ್ಕೆ ಅಂಕ ಪಡೆದರು. ಕಿತ್ತೆಸೆಯಬೇಕಾಗಿದ್ದ ಕಳೆ ಪೈರಾಗಿ ನಿಂತಿತು.

ಇದಕ್ಕಿಂತ ಹಿಂದೆ, 1970ರ ದಶಕದಲ್ಲಿ, ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತಜ್ಞ ಇನ್ನೊಂದು ಸಂಗತಿಯನ್ನು ಗಮನಿಸಿದ್ದರು. ಕಲನಗಣಿತದ ತರಗತಿಯಲ್ಲಿ ಕರಿಯ ವಿದ್ಯಾರ್ಥಿಗಳು ಸೋಲುತ್ತಿದ್ದರು, ಚೀನೀ ಮೂಲದವರು ಗೆಲ್ಲುತ್ತಿದ್ದರು. ಬುದ್ಧಿಯಲ್ಲಾಗಲಿ ಶ್ರಮದಲ್ಲಾಗಲಿ ಆ ವ್ಯತ್ಯಾಸಕ್ಕೆ ಕಾರಣ ಕಾಣಲಿಲ್ಲ. ಅವರೊಡನೆ ಓಡಾಡಿ ನೋಡಿದಾಗ ತಿಳಿದದ್ದು ಇಷ್ಟು: ಮೊದಲಿನವರು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಓದುತ್ತಿದ್ದರು, ಎರಡನೆಯವರು ಸಂಜೆ ಒಟ್ಟಿಗೆ ಕುಳಿತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್ಮನ್ ಅಂಥ ಕೂಟಗಳನ್ನು ಏರ್ಪಡಿಸಿದರು, ಸೋಲುತ್ತಿದ್ದವರು ಗೆಲ್ಲತೊಡಗಿದರು. ನಮ್ಮ ಹಿಂದಿನ ವಿದ್ಯಾರ್ಥಿನಿಲಯಗಳಲ್ಲಿ ಒಂದೇ ಪುಸ್ತಕವನ್ನು ನಾಲ್ಕು ಜನ ಸುತ್ತ ಕುಳಿತು ಓದಿದವರಿಗೆ ಇದು ಹೊಸ ವಿಷಯವಲ್ಲ. ಬಡತನ ಕಲಿಸಿದ ಆ ಅಭ್ಯಾಸ ಎಷ್ಟು ಬೆಲೆಯುಳ್ಳದ್ದೆಂಬುದು ನಮಗೆ ಆಗ ಹೊಳೆದಿರಲಿಲ್ಲ, ಅಷ್ಟೆ.

ನನ್ನ ತಂಗಿಯ ಮಗಳು ಇಂಥದೇ ಒಂದು ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಓದಿದವಳು. ಎರಡನೆಯ ವರ್ಷದ ಸಾವಯವ ರಸಾಯನದ ಮೊದಲ ಪರೀಕ್ಷೆಯಲ್ಲಿ ಅವಳಿಗೆ ನೂರಕ್ಕೆ ನಲವತ್ತೊಂದು ಬಂದಿತಂತೆ. ಶಾಲೆಯಲ್ಲಿ ತೊಂಬತ್ತರ ಕೆಳಗೆ ಇಳಿದವಳಲ್ಲ. ಫೋನಿನಲ್ಲಿ ಅವಳು ಅಂದದ್ದು: ‘ಮಾವ, ನಾಲ್ಕುನೂರು ಜನರ ನಡುವೆ ಕೂತರೂ ನನಗೆ ಗೊತ್ತಿಲ್ಲ ಅನ್ನೋದನ್ನ ಹೇಳಿಕೊಳ್ಳೋದಕ್ಕೆ ಒಬ್ಬರೂ ಇಲ್ಲ.’ ಆ ಒಂದು ವಾಕ್ಯದಲ್ಲಿ ದೊಡ್ಡ ವಿಶ್ವವಿದ್ಯಾನಿಲಯದ ಕಷ್ಟವೆಲ್ಲ ಇದೆ ಎಂದು ನನಗೆ ತೋರಿತು. ಮುಂದಿನ ವಾರ ಅವಳು ಮಾಡಿದ್ದು ಎರಡು ಕೆಲಸ. ತನ್ನಂತೆಯೇ ಕಡಿಮೆ ಅಂಕ ಬಂದ ಮೂವರನ್ನು ಹುಡುಕಿ ವಾರಕ್ಕೆ ಮೂರು ಸಂಜೆ ಓದಲು ಕುಳಿತಳು. ಪ್ರಾಧ್ಯಾಪಕರು ತಮ್ಮ ಕೋಣೆಯಲ್ಲಿ ವಿದ್ಯಾರ್ಥಿಗಳಿಗೆಂದೇ ಮೀಸಲಿಡುವ ಗಂಟೆಗಳಲ್ಲಿ ಹೋಗಿ, ಉತ್ತರಪತ್ರಿಕೆಯನ್ನು ಅವರ ಮುಂದಿಟ್ಟು, ಎಲ್ಲಿ ಎಡವಿದೆನೆಂದು ಕೇಳಿದಳು. ನಾನೂರು ಮಂದಿಯ ತರಗತಿಯಾದರೂ ಆ ಗಂಟೆಯಲ್ಲಿ ಬಾಗಿಲ ಬಳಿ ಇದ್ದವರು ಐದಾರು ಮಂದಿಯಂತೆ! ವರ್ಷದ ಕೊನೆಗೆ ಅವಳ ಅಂಕ ಏರಿತು. ಅದಕ್ಕಿಂತ ಮುಖ್ಯವಾಗಿ, ಅವಳ ಹೆಸರನ್ನು ಬಲ್ಲ ಒಬ್ಬ ಅಧ್ಯಾಪಕರಾದರು. ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಾಗ ಅಧ್ಯಾಪಕರ ಶಿಫಾರಸು ಪತ್ರಗಳು ಬೇಕಾಗುತ್ತವೆ. ಮುಖ ಕಾಣದವನ ಬಗ್ಗೆ ಯಾರು ಏನನ್ನು ಬರೆದಾರು?

ಆ ಸಾವಯವ ರಸಾಯನದ ಸುತ್ತ ಜಗಳಗಳೂ ನಡೆದಿವೆ. 2022ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ, ಆ ವಿಷಯದ ಪ್ರಸಿದ್ಧ ಪಠ್ಯಪುಸ್ತಕವನ್ನು ಬರೆದ ಮೇಟ್ಲೆಂಡ್ ಜೋನ್ಸ್ ಎಂಬ ವಯೋವೃದ್ಧ ಪ್ರಾಧ್ಯಾಪಕರ ಮೇಲೆ 350 ವಿದ್ಯಾರ್ಥಿಗಳಲ್ಲಿ 82 ಮಂದಿ ದೂರಿನ ಮನವಿಗೆ ಸಹಿ ಹಾಕಿದರು. ವಿಶ್ವವಿದ್ಯಾನಿಲಯ ಅವರ ಸೇವೆಯನ್ನು ಮುಂದುವರಿಸಲಿಲ್ಲ. ವಿದ್ಯಾರ್ಥಿಗಳಿಗೆ ಶ್ರದ್ಧೆಯಿಲ್ಲವೆಂದು ಕೆಲವರು, ಗುರುವಿಗೆ ಕರುಣೆಯಿಲ್ಲವೆಂದು ಕೆಲವರು ವಾದಿಸಿದರು. ಮೂವತ್ತು ವರ್ಷ ತರಗತಿಯಲ್ಲಿ ನಿಂತ ನನಗೆ ಎರಡೂ ಪಕ್ಷಗಳ ಸಂಕಟ ಅರ್ಥವಾಗುತ್ತದೆ. ಒಂದು ಅಂಕಪಟ್ಟಿ ಒಬ್ಬನ ಇಡೀ ಬಾಳನ್ನು ಗೊತ್ತುಮಾಡುವುದೆಂದಾಗ, ಗುರುಶಿಷ್ಯರ ನಡುವೆ ಪಾಠವಿರುವುದಿಲ್ಲ, ವ್ಯಾಜ್ಯವಿರುತ್ತದೆ.

ಬಾಳನ್ನು ಗೊತ್ತುಮಾಡುವುದೆಂಬ ಮಾತು ಉತ್ಪ್ರೇಕ್ಷೆಯಲ್ಲ. ಈಚಿನ ವರ್ಷಗಳಲ್ಲಿ ಅಲ್ಲಿನ ಎಂ.ಡಿ. ಕಾಲೇಜುಗಳಿಗೆ ವರ್ಷಕ್ಕೆ ಸುಮಾರು 52,000 ಮಂದಿ ಅರ್ಜಿ ಹಾಕುತ್ತಾರೆ. ಸೇರುವವರು ಸುಮಾರು 23,000. ಸೇರಿದವರ ಪದವಿ ಅಂಕಗಳ ಸರಾಸರಿ ನಾಲ್ಕಕ್ಕೆ 3.8ರ ಸುಮಾರು. ಇದಲ್ಲದೆ ಎಂಕ್ಯಾಟ್ ಎಂಬ ಪ್ರವೇಶಪರೀಕ್ಷೆ. 2015ರಿಂದ ಅದಕ್ಕೆ ಈಗಿನ ರೂಪ ಬಂದಿದೆ: ನಾಲ್ಕು ಭಾಗ, 230 ಪ್ರಶ್ನೆ, ವಿರಾಮಗಳೂ ಸೇರಿ ಸುಮಾರು ಏಳೂವರೆ ಗಂಟೆ. ಅರ್ಜಿಯಲ್ಲಿ ತಾನು ಮಾಡಿದ ಸೇವೆ, ಸಂಶೋಧನೆ, ಉದ್ಯೋಗಗಳಲ್ಲಿ ಹದಿನೈದರವರೆಗೆ ನಮೂದಿಸಬಹುದು. ವೈದ್ಯನಾಗಬೇಕೆಂದಿರುವುದು ಏಕೆ ಎಂಬುದನ್ನು 5,300 ಅಕ್ಷರಗಳ ಮಿತಿಯಲ್ಲಿ ಬರೆಯಬೇಕು. ನಾಲ್ಕನೆಯ ವರ್ಷ ಮುಗಿದೊಡನೆ ಸೇರಬೇಕಾದರೆ ಮೂರನೆಯ ವರ್ಷದ ಕೊನೆಗೇ ಇವೆಲ್ಲ ಸಿದ್ಧವಾಗಿರಬೇಕು. ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಮಂದಿ ಪದವಿಯ ಅನಂತರ ಒಂದೆರಡು ವರ್ಷ ಆಸ್ಪತ್ರೆಯಲ್ಲೋ ಪ್ರಯೋಗಶಾಲೆಯಲ್ಲೋ ದುಡಿದು ಆಮೇಲೆ ಸೇರುತ್ತಾರೆ. ಊರಿನ ಅಜ್ಜಿ ತಾತಂದಿರು ಇದನ್ನು ‘ವರ್ಷ ಹಾಳಾಯಿತು’ ಎನ್ನುತ್ತಾರೆ. ಹಾಗೆನ್ನಬಾರದು. ಆತುರದಿಂದ ಬೇಯಿಸಿದ ಅನ್ನಕ್ಕಿಂತ ಹದವಾಗಿ ಬೆಂದ ಅನ್ನ ಮೇಲು.

ಇಲ್ಲಿ ಒಂದು ಅಪಾಯವಿದೆ. ಅರ್ಜಿಯಲ್ಲಿ ಹದಿನೈದು ಖಾನೆಗಳಿವೆಯೆಂದೊಡನೆ ಅವನ್ನು ತುಂಬಿಸುವುದೇ ಬದುಕಾಗಬಹುದು. ಮುದುಕರ ಆಸ್ಪತ್ರೆಗೆ ಹೋಗಿ ಅವರೊಡನೆ ಮಾತನಾಡುವುದು ಪುಣ್ಯದ ಕೆಲಸ. ಕೈಗಡಿಯಾರವನ್ನು ನೋಡುತ್ತ ಎಷ್ಟು ಗಂಟೆಯಾಯಿತೆಂದು ಬರೆದಿಟ್ಟುಕೊಳ್ಳುವುದು ಲೆಕ್ಕದ ಕೆಲಸ. ಕರುಣೆಗೆ ಹಾಜರಿ ಪುಸ್ತಕ ಇಡಲಾಗದು. ಎಲ್ಲವನ್ನೂ ಅಲ್ಪಸ್ವಲ್ಪ ಮಾಡುವುದಕ್ಕಿಂತ ಒಂದೆರಡನ್ನು ಹಿಡಿದು ವರ್ಷಗಟ್ಟಲೆ ಮಾಡುವುದು ಒಳಿತೆಂದು ಅಲ್ಲಿನ ಅನುಭವಿಗಳೂ ಹೇಳುತ್ತಾರೆ. ಈ ವಿಷಯದಲ್ಲಿ ದೊಡ್ಡ ವಿಶ್ವವಿದ್ಯಾನಿಲಯಕ್ಕೆ ಒಂದು ಸೊಗಸಿದೆಯೆಂಬುದನ್ನೂ ಹೇಳಬೇಕು. ಅನೇಕ ಕಡೆ ವಿಶ್ವವಿದ್ಯಾನಿಲಯದ್ದೇ ಆಸ್ಪತ್ರೆಯಿದೆ, ನೂರಾರು ಪ್ರಯೋಗಶಾಲೆಗಳಿವೆ, ವೈದ್ಯವೃತ್ತಿಗೆ ಹೋಗುವವರಿಗೆಂದೇ ಸಲಹಾ ಕಚೇರಿಯಿದೆ. ಕೆರೆ ದೊಡ್ಡದು, ನೀರು ಬೇಕಾದಷ್ಟಿದೆ. ಕೊಡ ಹಿಡಿದು ದಂಡೆಗೆ ಇಳಿಯುವವರು ನಾವಾಗಬೇಕು.

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ತುಂಬ ಹಿಡಿಸಿದ ಸಂಗತಿಯೊಂದುಂಟು. ಎಂಕ್ಯಾಟ್ ಪರೀಕ್ಷೆಯ ನಾಲ್ಕು ಭಾಗಗಳಲ್ಲಿ ಒಂದು ಬರಿಯ ಓದಿನ ಪರೀಕ್ಷೆ. ತತ್ತ್ವಶಾಸ್ತ್ರ, ಕಲೆ, ಇತಿಹಾಸ, ಸಮಾಜಶಾಸ್ತ್ರಗಳಿಂದ ಆಯ್ದ ಒಂಬತ್ತು ಗದ್ಯಭಾಗಗಳು, 53 ಪ್ರಶ್ನೆಗಳು, 90 ನಿಮಿಷ. ಹೊರಗಿನ ಯಾವ ಜ್ಞಾನವೂ ಬೇಡ. ಬರೆದವನು ಏನು ಹೇಳುತ್ತಿದ್ದಾನೆ, ಏನನ್ನು ಹೇಳದೆ ಬಿಟ್ಟಿದ್ದಾನೆ ಎಂಬುದನ್ನು ಹಿಡಿಯಬೇಕು. ವಿಜ್ಞಾನದಲ್ಲಿ ಗಟ್ಟಿಗರಾದ ಎಷ್ಟೋ ಮಂದಿಗೆ ಕಷ್ಟವೆನಿಸುವ ಭಾಗ ಇದೇ. ಆಲೋಚಿಸಿದರೆ ಇದರ ಔಚಿತ್ಯ ತಿಳಿಯುತ್ತದೆ. ರೋಗಿಯೂ ಒಂದು ಕಥೆಯನ್ನು ಹೇಳುತ್ತಾನೆ. ಅದರಲ್ಲಿ ಮುಖ್ಯವಾದದ್ದನ್ನು ಅವನು ನುಂಗಿಕೊಂಡಿರಬಹುದು. ಅದನ್ನು ಕೇಳಿಸಿಕೊಳ್ಳುವ ಕಿವಿಯನ್ನು ರಸಾಯನಶಾಸ್ತ್ರವೊಂದೇ ಕೊಡಲಾರದು.

ಲೂಯಿಸ್ ಥಾಮಸ್ ಎಂಬ ವೈದ್ಯ-ಪ್ರಬಂಧಕಾರ 1978ರಲ್ಲಿ ಪ್ರೀ-ಮೆಡ್ ವ್ಯಾಸಂಗವನ್ನು ಸರಿಪಡಿಸುವ ಬಗೆಗೆ ಒಂದು ತುಂಟ ಪ್ರಬಂಧವನ್ನು ಬರೆದರು. ತನ್ನನ್ನು ತಾನು ಪ್ರೀ-ಮೆಡ್ ಎಂದು ಕರೆದುಕೊಳ್ಳುವವನ ಅರ್ಜಿಯನ್ನು ಕಡೆಯ ಕಟ್ಟಿನಲ್ಲಿ ಇಡಬೇಕು, ಕಾಲೇಜು ವಿದ್ಯೆಯ ನಡುಮನೆಯಲ್ಲಿ ಪ್ರಾಚೀನ ಗ್ರೀಕ್ ಭಾಷೆಯನ್ನು ಮತ್ತೆ ತಂದು ಕೂರಿಸಬೇಕು ಎಂಬುದು ಅವರ ಸೂಚನೆ. ಅದನ್ನು ಓದಿ ನಕ್ಕವರಿದ್ದಾರು. ಆದರೆ ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಕಾಲೇಜು 1987ರಲ್ಲಿ ಒಂದು ಪ್ರಯೋಗವನ್ನು ಪ್ರಾರಂಭಿಸಿತು. ಸಾಹಿತ್ಯ, ಇತಿಹಾಸ ಮೊದಲಾದವನ್ನು ಓದುತ್ತಿದ್ದವರನ್ನು ಎಂಕ್ಯಾಟ್ ಇಲ್ಲದೆ, ಭೌತಶಾಸ್ತ್ರ, ಸಾವಯವ ರಸಾಯನಗಳ ಪೂರ್ಣ ವ್ಯಾಸಂಗವೂ ಇಲ್ಲದೆ ಸೇರಿಸಿಕೊಂಡಿತು. 2010ರಲ್ಲಿ ಪ್ರಕಟವಾದ ಅದರ ಪರಿಶೀಲನೆಯಂತೆ, ಅವರು ಒಟ್ಟಿನಲ್ಲಿ ತಮ್ಮ ಸಹಪಾಠಿಗಳ ಸಮಕ್ಕೇ ನಿಂತಿದ್ದರು. ಕನ್ನಡಿಗರಾದ ನಮಗೆ ಇದು ಆಶ್ಚರ್ಯವಾಗಬೇಕಿಲ್ಲ. ‘ಕೊರವಂಜಿ’ಯಿಂದ ನಾಡನ್ನು ನಗಿಸಿದ ರಾಶಿಯವರು, ಅಂದರೆ ಡಾ. ಎಂ. ಶಿವರಾಂ, ವೈದ್ಯರು, ಮನಸ್ಸನ್ನು ಕುರಿತ ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಅನುಪಮಾ ನಿರಂಜನರು ರೋಗಿಗಳನ್ನೂ ನೋಡಿದರು, ಕಾದಂಬರಿಗಳನ್ನೂ ಬರೆದರು. ಆ ಎರಡು ಕೆಲಸಗಳು ಒಂದನ್ನೊಂದು ಕೆಡಿಸಲಿಲ್ಲ.

ಇನ್ನೊಂದು ಕಷ್ಟವನ್ನು ಇಲ್ಲಿನ ತಂದೆತಾಯಿಗಳು ತಿಳಿದಿರುವುದು ಲೇಸು. ಅಮೆರಿಕಕ್ಕೆ ಎಚ್-1ಬಿ ವೀಸಾದ ಮೇಲೆ ಹೋದವರ ಮಕ್ಕಳು ಅಲ್ಲಿಯೇ ಬೆಳೆದರೂ, ಖಾಯಂ ನಿವಾಸದ ಹಕ್ಕು ದೊರೆಯದಿದ್ದರೆ, ಇಪ್ಪತ್ತೊಂದು ತುಂಬಿದೊಡನೆ ತಂದೆತಾಯಿಗಳ ಆಶ್ರಯದ ವೀಸಾ ಕೊನೆಗೊಳ್ಳುತ್ತದೆ. ಭಾರತೀಯರಿಗೆ ಆ ಹಕ್ಕಿನ ಸರದಿ ದಶಕಗಳಷ್ಟು ಉದ್ದ. ಆ ಮಕ್ಕಳು ವಿದೇಶೀ ವಿದ್ಯಾರ್ಥಿಗಳಾಗಿ ಉಳಿಯಬೇಕಾಗುತ್ತದೆ. ವಿದೇಶೀ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ವೈದ್ಯಕೀಯ ಕಾಲೇಜುಗಳು ಅಲ್ಲಿ ಕಡಿಮೆ. ಕೆಲವು ಕಾಲೇಜುಗಳು ಶುಲ್ಕದ ಹಣವನ್ನು ಮುಂಗಡವಾಗಿ ಠೇವಣಿ ಇಡಬೇಕೆನ್ನುತ್ತವೆ. ನಾನು ಹೇಳಿದ ಹುಡುಗಿ ಒಂಬತ್ತು ವರ್ಷದವಳಾಗಿದ್ದಾಗ ಹೋದವಳು. ಅವಳ ಮಾತಿನಲ್ಲಿ ಆ ದೇಶದ ವರಸೆಯಿದೆ, ಮನೆಯೊಳಗೆ ಮಾತ್ರ ಕನ್ನಡ. ಮೂರನೆಯ ವರ್ಷದಲ್ಲಿ ಅವಳು ಕಾನೂನಿನ ಪ್ರಕಾರ ಪರದೇಶಿಯಾದಳು. ನೂರೈವತ್ತಕ್ಕೂ ಹೆಚ್ಚು ಕಾಲೇಜುಗಳ ಪಟ್ಟಿಯಲ್ಲಿ ಅವಳು ಅರ್ಜಿ ಹಾಕಬಹುದಾದವು ಬೆರಳೆಣಿಕೆಗೆ ಇಳಿದವು. ಈ ವರ್ಷ ಅರ್ಜಿ ಹಾಕಿದ್ದಾಳೆ, ಉತ್ತರ ಬಂದಿಲ್ಲ. ಇಂಥ ಮಕ್ಕಳು ಮೊದಲ ವರ್ಷದಲ್ಲೇ ಈ ನಿಯಮಗಳನ್ನು ಸಲಹಾ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ಸುದ್ದಿ ಕಹಿಯಾದರೂ ಬೇಗ ತಿಳಿದರೆ ದಾರಿ ಹುಡುಕಲು ವೇಳೆ ಸಿಕ್ಕುತ್ತದೆ.

ಹಾಗಾದರೆ ಒಳಗೆ ಹೋಗದವರ ಗತಿ ಏನು? ಲೆಕ್ಕವನ್ನು ನೋಡಿದರೆ ಒಂದು ವರ್ಷ ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರಗೇ ಉಳಿಯುತ್ತಾರೆ. ಅರ್ಜಿಯವರೆಗೂ ಬಾರದೆ ನಡುವೆ ದಾರಿ ಬದಲಿಸಿದವರು ಬೇರೆ. ಅವರನ್ನು ಸೋತವರೆಂದು ಕರೆಯುವ ಹಕ್ಕು ನಮಗಿಲ್ಲ. ದಾದಿಯರ ವೃತ್ತಿ, ಸಾರ್ವಜನಿಕ ಆರೋಗ್ಯ, ಔಷಧಶಾಸ್ತ್ರ, ಸಂಶೋಧನೆ, ಶಾಲೆಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಕೆಲಸ, ಇವೆಲ್ಲವೂ ಮನುಷ್ಯನ ನೋವನ್ನು ಕಡಿಮೆ ಮಾಡುವ ಮಾರ್ಗಗಳೇ. ಮುಖ್ಯವಿಷಯವನ್ನು ಆರಿಸಿಕೊಳ್ಳುವಾಗ ಅಂಕ ಸುಲಭವೆಂದಾಗಲಿ ಆಯ್ಕೆಯ ಮಂಡಲಿ ಮೆಚ್ಚುವುದೆಂದಾಗಲಿ ಆರಿಸದೆ, ವೈದ್ಯಕೀಯ ಕೈತಪ್ಪಿದರೂ ತನ್ನ ಜೊತೆಗೆ ಉಳಿಯುವಂಥದನ್ನು ಆರಿಸಿಕೊಳ್ಳಬೇಕೆಂಬುದು ಅದಕ್ಕೇ. ಮಾನವಿಕ ವಿಷಯಗಳನ್ನು ಓದಿ ಅರ್ಜಿ ಹಾಕಿದವರು ಜೀವಶಾಸ್ತ್ರ ಓದಿದವರಿಗಿಂತ ಪ್ರವೇಶದಲ್ಲಿ ಹಿಂದೆ ಬಿದ್ದಿಲ್ಲವೆಂದು ಅಲ್ಲಿನ ವೈದ್ಯಕೀಯ ಕಾಲೇಜುಗಳ ಸಂಘದ ಅಂಕಿ ಅಂಶಗಳೇ ತೋರಿಸುತ್ತವೆ.

ಕಡೆಯದಾಗಿ ಮನೆಯ ಹಿರಿಯರಲ್ಲಿ ಒಂದು ಅರಿಕೆ. ದೂರದ ದೇಶದಲ್ಲಿ ಓದುವ ಮಗುವಿಗೆ ಭಾನುವಾರ ಫೋನು ಮಾಡಿದಾಗ ಮೊದಲ ಪ್ರಶ್ನೆ ‘ಎಷ್ಟು ಬಂತು?’ ಎಂದಾಗದಿರಲಿ. ‘ಯಾರ ಜೊತೆ ಕೂತು ಓದುತ್ತೀಯ? ಹೊತ್ತಿಗೆ ಊಟ ಮಾಡುತ್ತೀಯ? ಈ ವಾರ ಯಾವ ಪಾಠ ಹಿಡಿಸಿತು?’ ಎಂದು ಕೇಳಿ. ಇವು ಅಂಕಕ್ಕೆ ಸಂಬಂಧವಿಲ್ಲದ ಪ್ರಶ್ನೆಗಳೆಂದು ತೋರಬಹುದು. ಮೇಲೆ ಹೇಳಿದ ಎರಡು ಪ್ರಯೋಗಗಳು ಹಾಗಲ್ಲವೆಂದು ಸಾರುತ್ತವೆ. ಇಂದಿನಿಂದ ಹದಿನೈದು ವರ್ಷಕ್ಕೆ ಆ ಮಗು ಒಂದು ಹಾಸಿಗೆಯ ಪಕ್ಕದಲ್ಲಿ ನಿಂತೀತು. ಅಲ್ಲಿ ಮಲಗಿರುವವರಿಗೆ ಡಾಕ್ಟರ ಸಾವಯವ ರಸಾಯನದ ಅಂಕ ಬೇಕಾಗುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿ, ಬಲ್ಲವರನ್ನು ಕೇಳಿ, ಮತ್ತೆ ಹಾಸಿಗೆಯ ಬಳಿಗೆ ಬರುವ ವೈದ್ಯರು ಬೇಕಾಗುತ್ತಾರೆ. ಆ ಅಭ್ಯಾಸ ಪ್ರಾರಂಭವಾಗುವುದು ನಾನೂರು ಮಂದಿಯ ತರಗತಿಯಲ್ಲಿ, ಮೊದಲ ಬಾರಿಗೆ ಕಡಿಮೆ ಅಂಕ ಬಂದ ದಿನ.